ಎರಡು ಪ್ರತಿ ಚೀಟಿ, ಒಂದು ಮರೆಗುಳಿ ತಲೆ

ದೊಡ್ಡವರಿಗೂ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಸುವ, ದುಡುಕುವ ತೊಂದರೆ, ಇರುತ್ತದೆ ಅಂತ ಈಗ ಎಲ್ಲರಿಗೂ ಗೊತ್ತು. ರೀಲ್ಸ್ ನೋಡುವವರಿಗಂತೂ ಸ್ವಲ್ಪ ಜಾಸ್ತಿಯೇ ಗೊತ್ತು. "ನಂಗೂ ಬೀಗದ ಕೈ ಎಲ್ಲಿಟ್ಟೆ ಅಂತ ನೆನಪಿರಲ್ಲ, ನಂಗೂ ಇರಬೇಕು" ಅನ್ನುವವರು ಆಫೀಸಿನಲ್ಲಿ ಸಿಗುತ್ತಾರೆ, ಲೋಕಲ್ ಟ್ರೈನಿನ ಲೇಡೀಸ್ ಡಬ್ಬಿಯಲ್ಲೂ ಸಿಗುತ್ತಾರೆ. ಇರಲಿ ಬಿಡಿ. ಆದರೆ ಡಾಕ್ಟರು "ಹೌದು, ಇದೆ" ಅಂದ ಮೇಲೆ ತಿಂಗಳು ತಿಂಗಳು ಏನು ನಡೆಯುತ್ತದೆ ಅಂತ ಯಾರೂ ಹೇಳುವುದಿಲ್ಲ. ನನ್ನ ತಕರಾರು ಅಲ್ಲೇ ಇರುವುದು.

ಗೊತ್ತಿಲ್ಲದವರಿಗೆ ನನ್ನ ಪರಿಚಯ: ಊರು ಕುಂದಾಪುರದ ಹತ್ತಿರ. ಮದುವೆಯಾಗಿ ಬಂದಿದ್ದು ಮುಂಬೈ ಹತ್ತಿರದ ಡೊಂಬಿವಲಿಗೆ. ಅಂಧೇರಿಯ ಆಫೀಸಿನಲ್ಲಿ ಇನ್ಶೂರೆನ್ಸ್ ಕ್ಲೇಮ್ ನೋಡುವ ಕೆಲಸ. ವಯಸ್ಸು ನಲವತ್ತು ದಾಟಿದೆ. ಬೇರೆಯವರ ಫೈಲಿನಲ್ಲಿ ಒಂದು ಸಹಿ ಬಿಟ್ಟುಹೋಗಿದ್ದರೂ ಹಿಡಿಯುತ್ತೇನೆ. ನಮ್ಮನೆ ಲೈಟ್ ಬಿಲ್ಲನ್ನು ಮಾತ್ರ ದಂಡ ಸೇರಿಸಿಯೇ ಕಟ್ಟುವುದು.

ಮೊದಲು ಹೋಗಿದ್ದು ಸೈಕಿಯಾಟ್ರಿಸ್ಟ್ ಹತ್ತಿರ. ಅವರು ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಕಳಿಸಿದರು. ಇಬ್ಬರೂ ಒಂದೇ ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಮಾತ್ರೆ ಬರೆಯುವವರು ಸೈಕಿಯಾಟ್ರಿಸ್ಟ್. ಗಂಟೆಗಟ್ಟಲೆ ಕೂತು ಕೇಳಿ, ಪರೀಕ್ಷೆ ಮಾಡಿ, ರಿಪೋರ್ಟ್ ಬರೆಯುವವರು ಸೈಕಾಲಜಿಸ್ಟ್. ಇಂಟರ್ನೆಟ್ಟಿನಲ್ಲಿ ಸಿಗುವ ಎಎಸ್‌ಆರ್‌ಎಸ್ ಅನ್ನುವ 18 ಪ್ರಶ್ನೆಗಳ ಪಟ್ಟಿ ಇದೆಯಲ್ಲ, ಅದು ಡಾಕ್ಟರ ಹತ್ತಿರ ಹೋಗಬೇಕೋ ಬೇಡವೋ ಅಂತ ತಿಳಿಯಲು ಅಷ್ಟೇ. ರಕ್ತದಲ್ಲಾಗಲಿ ಸ್ಕ್ಯಾನಿನಲ್ಲಾಗಲಿ ಎಡಿಎಚ್‌ಡಿ ಕಾಣುವುದಿಲ್ಲ. ಆದರೂ ನನಗೆ ರಕ್ತ ಪರೀಕ್ಷೆ ಬರೆದರು. ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿದರು. ನಿದ್ದೆ, ಗೊರಕೆ, ಆತಂಕ, ಮನಸ್ಸಿನ ಬೇಸರ ಎಲ್ಲ ಕೇಳಿದರು. ಇವುಗಳಿಂದಲೂ ಗಮನ ಚದುರುತ್ತದೆ. ನಸುಕಿನಲ್ಲಿ ಎದ್ದು ಡಬ್ಬಿ ಕಟ್ಟಿ ಲೋಕಲ್ ಹಿಡಿಯುವ ಹೆಂಗಸು ಏನನ್ನೋ ಮರೆತರೆ ನಿದ್ದೆ ಸಾಲದೆಯೂ ಇರಬಹುದು ಅಲ್ವಾ? ಇಷ್ಟನ್ನೂ ಕೇಳದೆ ಹತ್ತು ನಿಮಿಷದಲ್ಲಿ ಎಡಿಎಚ್‌ಡಿ ಅಂತ ಬರೆದುಕೊಡುವವರನ್ನು ನಾನು ನಂಬುವುದಿಲ್ಲ.

ಡಾಕ್ಟರುಗಳು ಬಳಸುವ ಡಿಎಸ್‌ಎಂ-5 ಕೈಪಿಡಿ ಬಂದಿದ್ದು 2013ರಲ್ಲಿ. ಅದರ ಪ್ರಕಾರ ಗಮನಕ್ಕೆ ಸೇರಿದ 9 ಲಕ್ಷಣ, ಚಡಪಡಿಕೆ ಮತ್ತು ದುಡುಕಿಗೆ ಸೇರಿದ 9. ಮಕ್ಕಳಲ್ಲಿ ಒಂದು ಗುಂಪಿನ 6 ಲಕ್ಷಣ ಇರಬೇಕು, ದೊಡ್ಡವರಲ್ಲಿ 5 ಸಾಕು. ಆದರೆ ಅವುಗಳಲ್ಲಿ ಕೆಲವಾದರೂ 12 ವರ್ಷ ತುಂಬುವ ಮೊದಲೇ ಕಾಣಿಸಿರಬೇಕು. ಅದಕ್ಕೇ ಸೈಕಾಲಜಿಸ್ಟ್ "ನಿಮ್ಮ ತಾಯಿಯ ಜೊತೆ ಮಾತಾಡಬೇಕು" ಅಂದರು.

ಅಮ್ಮನಿಗೆ ಹಿಂದಿ ಬರುವುದಿಲ್ಲ. ಸೈಕಾಲಜಿಸ್ಟ್‌ಗೆ ಕನ್ನಡ ಬರುವುದಿಲ್ಲ. ಊರಿನಲ್ಲಿ ಅಣ್ಣ ಪಕ್ಕ ಕೂತು ಫೋನನ್ನು ಸ್ಪೀಕರಿಗೆ ಹಾಕಿದ. ಮಗಳ ಬಗ್ಗೆ ಯಾರೋ ಏನೋ ಬರೆದುಕೊಳ್ಳುತ್ತಿದ್ದಾರೆ ಅಂತ ಗೊತ್ತಾದದ್ದೇ ಅಮ್ಮ ಹುಷಾರಾದಳು. "ಅವಳಿಗೆ ಎಂತದೂ ಇಲ್ಲ. ಕ್ಲಾಸಿಗೆ ಫಸ್ಟ್ ಬರುತ್ತಿದ್ದಳು." ವಸ್ತುಗಳನ್ನು ಕಳೆಯುತ್ತಿದ್ದಳಾ? "ಇಲ್ಲಪ್ಪ. ಕೊಡೆ ಮಾತ್ರ. ಒಂದು ಮಳೆಗಾಲಕ್ಕೆ ಎರಡು ಮೂರು ಬೇಕಿತ್ತು." ಹೇಳಿದ ಕೆಲಸ ಮಾಡುತ್ತಿದ್ದಳಾ? "ಮಾಡುತ್ತಿದ್ದಳು, ಪಾಪ. ಅಂಗಡಿಗೆ ಕಳಿಸಿದರೆ ನಡುದಾರಿಯಲ್ಲಿ ಯಾರದೋ ಮನೆ ಕರು ನೋಡುತ್ತಾ ನಿಲ್ಲುತ್ತಿದ್ದಳು. ಸಂಜೆಗೆ ಬರುತ್ತಿದ್ದಳು, ಬೆಲ್ಲ ಇಲ್ಲದೆ." ಹೀಗೆ ನನ್ನ ಪರವಾಗಿ ವಾದ ಮಾಡುತ್ತಲೇ ಇಡೀ ಕೇಸನ್ನು ಅಮ್ಮ ಸಾಬೀತು ಮಾಡಿಕೊಟ್ಟಳು. ಕೊನೆಗೆ ಅಣ್ಣನ ಹತ್ತಿರ ಕೇಳಿದಳಂತೆ, "ಇದಕ್ಕೆಲ್ಲ ಡಾಕ್ಟ್ರು ಎಂತಕ್ಕೆ?"

ಓಡುವ, ಹಾರುವ, ಬೆಂಚು ಮುರಿಯುವ ಹುಡುಗರನ್ನು ಮೇಷ್ಟ್ರು ಬೇಗ ಗುರುತಿಸುತ್ತಾರೆ. ಕಿಟಕಿಯ ಹೊರಗೆ ನೋಡುತ್ತಾ ಸುಮ್ನೆ ಕೂತ ಹುಡುಗಿ ಯಾರಿಗೂ ತೊಂದರೆ ಕೊಡುವುದಿಲ್ಲ. ಅದಕ್ಕೇ ನಮ್ಮಂಥವರ ಸರದಿ ಬರುವಷ್ಟರಲ್ಲಿ ತಲೆಗೂದಲು ಬೆಳ್ಳಗಾಗಿರುತ್ತದೆ.

ಚಿಕಿತ್ಸೆ ಶುರುವಾಯಿತು. ಮೊದಲು ಬಿಪಿ, ನಾಡಿ, ತೂಕ ನೋಡಿದರು. ಮನೆಯಲ್ಲಿ ಯಾರಿಗಾದರೂ ಹೃದಯದ ಕಾಯಿಲೆ ಇತ್ತಾ ಅಂತ ಕೇಳಿದರು. ನಮ್ಮ ದೇಶದಲ್ಲಿ ಮುಖ್ಯವಾಗಿ ಕೊಡುವುದು ಎರಡು ಮಾತ್ರೆ. ಒಂದು ಮೀಥೈಲ್‌ಫೆನಿಡೇಟ್. ತೆಗೆದುಕೊಂಡ ದಿನವೇ ಕೆಲಸ ಮಾಡುತ್ತದೆ. ಸಾದಾ ಮಾತ್ರೆಯಾದರೆ ಪರಿಣಾಮ ಸುಮಾರು 4 ಗಂಟೆ, ನಿಧಾನವಾಗಿ ಕರಗುವುದಾದರೆ ಅದಕ್ಕಿಂತ ಜಾಸ್ತಿ. ಇನ್ನೊಂದು ಆಟಮಾಕ್ಸಿಟಿನ್. ಅದರ ಗುಣ ಪೂರ್ತಿ ಗೊತ್ತಾಗಲು ವಾರಗಳೇ ಬೇಕು. ಅಮೆರಿಕದಲ್ಲಿರುವ ನೆಂಟರು ಹೇಳುವ ಆಂಫೆಟಮೈನ್ ಮಾತ್ರೆಗಳನ್ನು ಇಲ್ಲಿ ಡಾಕ್ಟರು ಬರೆಯುವುದಿಲ್ಲ, ಅಂಗಡಿಯಲ್ಲೂ ಸಿಗುವುದಿಲ್ಲ. ಅವರು ಬರುವಾಗ ಬ್ಯಾಗಿನಲ್ಲಿ ತರಿಸಿಕೊಳ್ಳುವ ಸಾಹಸ ಬೇಡ.

ನನಗೆ ಒಗ್ಗಿದ್ದು ಮೀಥೈಲ್‌ಫೆನಿಡೇಟ್. ಕಡಿಮೆ ಡೋಸಿನಿಂದ ಶುರು ಮಾಡಿ ನಿಧಾನಕ್ಕೆ ಏರಿಸಿದರು. ಹಸಿವು ಕಡಿಮೆಯಾಯಿತು, ಬಾಯಿ ಒಣಗಿತು. ಮಧ್ಯಾಹ್ನ ತಡವಾಗಿ ತೆಗೆದುಕೊಂಡರೆ ರಾತ್ರಿ ನಿದ್ದೆ ಇಲ್ಲ. ಜಾದೂ ಏನೂ ಆಗಲಿಲ್ಲ. ಮಾತ್ರೆ ನುಂಗಿ ಮೊಬೈಲ್ ಹಿಡಿದು ಕೂತರೆ ಆ ಗಮನವೆಲ್ಲ ಮೊಬೈಲಿಗೇ ಹೋಗುತ್ತದೆ. ಆದರೆ ಶುರು ಮಾಡಿದ ಕೆಲಸ ಮುಗಿಸಿ ಏಳುವುದು ಅಂದರೆ ಏನು ಅಂತ ಈಗ ಗೊತ್ತಾಗಿದೆ.

ಈಗ ತಕರಾರಿಗೆ ಬರುತ್ತೇನೆ. ಈ ಮಾತ್ರೆ ನಮ್ಮ ಔಷಧ ನಿಯಮಗಳ ಶೆಡ್ಯೂಲ್ ಎಕ್ಸ್‌ನಲ್ಲಿದೆ. ಮಾರುವ ಅಂಗಡಿಗೆ ಬೇರೆ ಲೈಸೆನ್ಸ್ ಬೇಕು. ಬೀಗ ಹಾಕಿದ ಕಪಾಟಿನಲ್ಲಿ ಇಡಬೇಕು. ಡಾಕ್ಟರ ಚೀಟಿ ಎರಡು ಪ್ರತಿ ಇರಬೇಕು. ಒಂದನ್ನು ಅಂಗಡಿಯವರು 2 ವರ್ಷ ಕಾಪಾಡಬೇಕು. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಇದನ್ನು ವಿಡಿಯೋ ಕಾಲಿನಲ್ಲಿ ಬರೆದುಕೊಡುವಂತಿಲ್ಲ. ಅಂದರೆ ಡಾಕ್ಟರ ಹತ್ತಿರ ಖುದ್ದಾಗಿ ಹೋಗಬೇಕು. ಪರೀಕ್ಷೆಗೆ ಓದುವ ಹುಡುಗರು ಸುಮ್ನೆ ನುಂಗಬಾರದು, ಚಟವಾಗಬಾರದು ಅಂತ ಈ ಬಿಗಿ. ಒಪ್ಪುತ್ತೇನೆ. ನಿಯಮ ಸಡಿಲ ಮಾಡಿ ಅಂತ ನಾನು ಕೇಳುತ್ತಿಲ್ಲ.

ಆದರೆ ಇದೆಲ್ಲ ಯಾರ ತಲೆ ಮೇಲೆ ಬೀಳುತ್ತದೆ ನೋಡಿ. ತಾರೀಕು ನೆನಪಿಡಬೇಕು, ಮಾತ್ರೆ ಮುಗಿಯುವ ಮೊದಲೇ ಅಪಾಯಿಂಟ್‌ಮೆಂಟ್ ಮಾಡಬೇಕು, ರಜೆ ಹಾಕಬೇಕು, ಎರಡು ಪ್ರತಿ ಜೋಪಾನ ಮಾಡಬೇಕು. ಇಷ್ಟೆಲ್ಲ ಸರಿಯಾಗಿ ಮಾಡುವ ತಲೆ ಇದ್ದಿದ್ದರೆ ಮಾತ್ರೆಯೇ ಬೇಕಿರಲಿಲ್ಲ! ಕುಂಟುವವನಿಗೆ ಊರುಗೋಲು ಬೆಟ್ಟದ ಮೇಲೆ ಸಿಗುತ್ತದೆ, ಹತ್ತಿ ತಗೋ ಅಂದ ಹಾಗೆ.

ಚೀಟಿ ಹಿಡಿದು ಹೋದರೆ ಸ್ಟೇಷನ್ ರಸ್ತೆಯ ಮೆಡಿಕಲ್‌ನವನು ಅದನ್ನು ನೋಡಿ, ನನ್ನನ್ನೂ ನೋಡಿ, "ಯೇ ಹಮ್ ನಹೀ ರಖ್ತೆ, ಮ್ಯಾಡಮ್" ಅನ್ನುತ್ತಾನೆ. ಆ ನೋಟ ಇದೆಯಲ್ಲ, ಅದರಲ್ಲಿ ನಾನು ಚಟದವಳು. ಯಾರು ಇಟ್ಟಿದ್ದಾರೆ ಅಂತ ಕೇಳಿದರೆ ಗೊತ್ತಿಲ್ಲ. ಸಿಕ್ಕ ಅಂಗಡಿಯಲ್ಲಿ ಸ್ಟಾಕ್ ಇಲ್ಲ, ಸ್ಟಾಕ್ ಇದ್ದ ಕಡೆ ಬೇರೆ ಡೋಸ್. ಬೇರೆ ಡೋಸಿಗೆ ಮತ್ತೆ ಹೊಸ ಚೀಟಿ.

ಇನ್ನು ದುಡ್ಡು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ದೇಹದ ಕಾಯಿಲೆಗೆ ಕೊಟ್ಟ ಹಾಗೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ಓದಲು ಚೆನ್ನಾಗಿದೆ. ಆದರೆ ನಮ್ಮಲ್ಲಿ ಹೆಚ್ಚಿನ ಪಾಲಿಸಿ ಹಣ ಕೊಡುವುದು ಆಸ್ಪತ್ರೆಗೆ ಸೇರಿದರೆ. ಎಡಿಎಚ್‌ಡಿಗೆ ಯಾರು ಆಸ್ಪತ್ರೆಗೆ ಸೇರುತ್ತಾರೆ? ಡಾಕ್ಟರ ಫೀಸು, ರಿಪೋರ್ಟು, ಮಾತ್ರೆ ಎಲ್ಲ ಕೈಯಿಂದಲೇ. ದಿನವೂ ಕ್ಲೇಮ್ ನೋಡುವ ನಾನೇ ಒಂದೂ ಕ್ಲೇಮ್ ಹಾಕುವಂತಿಲ್ಲ. ಖಾಸಗಿ ಖರ್ಚು ಕಷ್ಟ ಅನ್ನುವವರಿಗೆ ಹೇಳುತ್ತೇನೆ: ಪರೇಲಿನ ಕೆಇಎಂ, ಮುಂಬೈ ಸೆಂಟ್ರಲ್ಲಿನ ನಾಯರ್, ಸಯನ್ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗದ ಓಪಿಡಿ ಇದೆ. ಕೇಸ್ ಪೇಪರ್ ಮಾಡಿಸಿ ಕೂರುವಷ್ಟು ಸಮಯ ಇಟ್ಟುಕೊಂಡು ಹೋಗಿ.

ನಿಯಮ ಬದಲಿಸದೆಯೂ ಮಾಡಬಹುದಾದ್ದು ಎಷ್ಟೋ ಇದೆ. ಈ ಲೈಸೆನ್ಸ್ ಕೊಡುವುದು ಸರ್ಕಾರವೇ. ಯಾವ ಯಾವ ಅಂಗಡಿಗೆ ಕೊಟ್ಟಿದ್ದೇವೆ ಅಂತ ಜನರಿಗೆ ಸುಲಭವಾಗಿ ಕಾಣುವಂತೆ ಪಟ್ಟಿ ಹಾಕಲಿ. ಡಾಕ್ಟರು ಚೀಟಿ ಕೊಡುವಾಗಲೇ ಮುಂದಿನ ತಾರೀಕು ಕೊಡಲಿ, ಹಿಂದಿನ ದಿನ ಕ್ಲಿನಿಕ್ಕಿನಿಂದ ಒಂದು ಫೋನ್ ಬರಲಿ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಿಂದ ಬರುತ್ತದಲ್ಲ, ಹಾಗೆ. ಮನೆಯವರೂ ಸ್ವಲ್ಪ ಹೊರಲಿ. ನಮ್ಮವರು ಈಗ ಸ್ಟ್ರಿಪ್ಪಿನಲ್ಲಿ ಒಂದು ವಾರದ ಮಾತ್ರೆ ಉಳಿದಾಗ ತಾವೇ ಅಪಾಯಿಂಟ್‌ಮೆಂಟ್‌ಗೆ ಫೋನ್ ಮಾಡುತ್ತಾರೆ. ಮೊದಮೊದಲು "ಇಷ್ಟು ವರ್ಷ ನಡೀತಲ್ಲ" ಅಂದವರೇ ಇವರು. ನಾದಿನಿ ಮಾತ್ರ ಈಗಲೂ ನೆನೆಸಿದ ಬಾದಾಮಿ ತಿನ್ನು ಅನ್ನುತ್ತಾಳೆ. ತಿನ್ನುತ್ತೇನೆ, ಬಾದಾಮಿ ಜೊತೆ ನನಗೇನೂ ಜಗಳ ಇಲ್ಲ.

ಡೊಂಬಿವಲಿ, ಕಲ್ಯಾಣ್, ಠಾಣೆ ಕಡೆ ಶೆಡ್ಯೂಲ್ ಎಕ್ಸ್ ಮಾತ್ರೆ ಇಡುವ ಮೆಡಿಕಲ್ ಗೊತ್ತಿದ್ದವರು ಹೇಳಿ. ಚೀಟಿ ಇಲ್ಲದೆ ತಂದುಕೊಡುತ್ತೇನೆ ಅನ್ನುವವರು ದಯವಿಟ್ಟು ಈ ಕಡೆ ಬರಬೇಡಿ, ಬ್ಲಾಕ್ ಮಾಡುತ್ತೇನೆ.