ಮೂರು ಚಕ್ರ ಇದ್ದರೆ ಬೀಳಲ್ಲ ಅಂತ ಯಾರು ಹೇಳಿದ್ದು?

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಮಕ್ಕಳ ಹುಟ್ಟುಹಬ್ಬಕ್ಕೆ ಎಲೆಕ್ಟ್ರಿಕ್ ಸ್ಕೂಟರ್ ಕೊಡಿಸುವುದು ಈಗ ಮಾಮೂಲಾಗಿದೆ. ನಿಂತುಕೊಂಡು ಓಡಿಸುವ ಪುಟ್ಟ ಗಾಡಿ. ಮುಂದೆ ಎರಡು ಚಕ್ರ, ಹಿಂದೆ ಒಂದು, ಚಕ್ರದೊಳಗೆ ಬಣ್ಣಬಣ್ಣದ ಲೈಟ್. ನನ್ನ ತಂಗಿಯ ಮಗಳಿಗೂ ಒಂದು ಬಂದಿದೆ. ಕಲಿಸುವ ಕೆಲಸ ನನ್ನ ಪಾಲಿಗೆ ಬಂತು, ಅದರ ಜೊತೆಗೆ ಸುತ್ತ ನಿಂತವರ ಪುಕ್ಕಟೆ ಸಲಹೆಯೂ ಬಂತು. ಜಾಸ್ತಿ ಕೇಳಿಸಿದ್ದು ಒಂದೇ ಮಾತು: "ಮೂರು ಚಕ್ರ ಇದೆಯಲ್ಲ, ಬೀಳಲ್ಲ ಬಿಡಿ."

ನನ್ನ ತಕರಾರು ಇರುವುದೇ ಈ ಮಾತಿನ ಮೇಲೆ. ನಿಂತಿದ್ದಾಗ ಬೀಳಲ್ಲ, ಒಪ್ಪಿದೆ. ನೆಟ್ಟಗೆ ಹೋಗುವಾಗಲೂ ಸುಲಭಕ್ಕೆ ಬೀಳಲ್ಲ. ತಿರುವಿನಲ್ಲಿ? ಸ್ಪೀಡಾಗಿ ತಿರುಗುವ ಆಟೋದಲ್ಲಿ ಕೂತು ಕಂಬಿ ಹಿಡಿದುಕೊಂಡವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಆಟೋದಲ್ಲಾದರೂ ನಾವು ಕೂತಿರುತ್ತೇವೆ. ಇಲ್ಲಿ ಮಗು ನಿಂತಿರುತ್ತದೆ, ಮೈಭಾರವೆಲ್ಲ ಮೇಲೆ, ಕೆಳಗೆ ಎರಡು ಚಕ್ರಗಳ ನಡುವೆ ಒಂದು ಗೇಣಿನಷ್ಟು ಜಾಗ. ವೇಗದಲ್ಲಿ ತಿರುಗಿಸಿದರೆ ಒಳಗಡೆಯ ಚಕ್ರ ನೆಲ ಬಿಡುತ್ತದೆ, ಮಗು ಹೊರಗಡೆಗೆ ಉರುಳುತ್ತದೆ.

ಇನ್ನೊಂದು ವಿಷಯವಿದೆ. ಇಂಥ ಎಷ್ಟೋ ಗಾಡಿಗಳಲ್ಲಿ ಹ್ಯಾಂಡಲ್ ಸೈಕಲ್ಲಿನ ಹಾಗೆ ತಿರುಗುವುದೇ ಇಲ್ಲ. ಮೈ ಯಾವ ಕಡೆ ವಾಲಿತೋ ಗಾಡಿ ಆ ಕಡೆ ತಿರುಗುತ್ತದೆ. ಸೈಕಲ್ ಬರುವ ಮಗುವಿಗೇ ಇದು ಮೊದಮೊದಲು ಗೊಂದಲ. ಅದಕ್ಕೇ ವಾಲಿ ತಿರುಗುವುದನ್ನು ಮೋಟಾರ್ ಆನ್ ಮಾಡುವ ಮುಂಚೆಯೇ ಕಲಿಸಬೇಕು.

ನನ್ನನ್ನು ಕೇಳಿದರೆ ಮೊದಲ ಕೆಲವು ದಿನ ಸ್ವಿಚ್ ಮುಟ್ಟಲೇಬಾರದು. ಕಾಲಲ್ಲಿ ತಳ್ಳಿಕೊಂಡು ಓಡಾಡಲಿ. ಮೊದಲ ಪಾಠ ಹೋಗುವುದಲ್ಲ, ನಿಲ್ಲಿಸುವುದು. ಕೆಲವು ಗಾಡಿಗಳಲ್ಲಿ ಹಿಂದಿನ ಮಡ್‌ಗಾರ್ಡನ್ನು ಕಾಲಿನಿಂದ ಒತ್ತಿದರೆ ಬ್ರೇಕ್, ಕೆಲವದರಲ್ಲಿ ಕೈಯಲ್ಲಿ. ಕಾಲಿನ ಬ್ರೇಕ್ ದೊಡ್ಡವರು ಅಂದುಕೊಂಡಷ್ಟು ಸುಲಭವಲ್ಲ. ಹೆದರಿದ ಮಗುವಿಗೆ ಹಿಂದಕ್ಕೆ ಕಾಲಿಡಬೇಕು ಅನ್ನುವುದು ನೆನಪಾಗುವುದಿಲ್ಲ. ಗಾಡಿ ಓಡುತ್ತಿರುವಾಗಲೇ ಸೀದಾ ಕೆಳಗೆ ಹಾರುತ್ತದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, "ಗೆರೆ ದಾಟಿದರೆ ಔಟ್" ಅಂತ ಆಟ ಆಡಿಸಿ. ನಿಲ್ಲಿಸುವುದು ಯೋಚಿಸದೇ ಬರಬೇಕು, ಅಷ್ಟು ರೂಢಿಯಾಗಬೇಕು. ವೇಗ 5 ಕಿಲೋಮೀಟರಿನಿಂದ 10ಕ್ಕೆ ಏರಿದರೆ ಬ್ರೇಕ್ ಹಿಡಿದ ಮೇಲೆ ಗಾಡಿ ಓಡುವ ದೂರ ಎರಡರಷ್ಟಲ್ಲ, ಸುಮಾರು ನಾಲ್ಕರಷ್ಟಾಗುತ್ತದೆ. ದೊಡ್ಡವರಿಗೇ ಅಂದಾಜು ಸಿಗದ ಲೆಕ್ಕ ಇದು. ಆರು ವರ್ಷದ ಮಗುವಿಗೆ ಹೇಗೆ ಸಿಗಬೇಕು?

ಕೊಳ್ಳುವಾಗ ಲೈಟ್ ಎಷ್ಟಿದೆ ಅಂತ ನೋಡುವ ಮೊದಲು ಮೋಟಾರ್ ಹೇಗೆ ಶುರುವಾಗುತ್ತದೆ ಅಂತ ಕೇಳಿ. ಕೆಲವು ಗಾಡಿಗಳು ಮಗು ಕಾಲಲ್ಲಿ ತಳ್ಳಿ ಒಂದಿಷ್ಟು ವೇಗ ಬಂದ ಮೇಲೆಯೇ ಮೋಟಾರ್ ಚಾಲೂ ಮಾಡುತ್ತವೆ. ಕೆಲವು ಬಟನ್ ಒತ್ತಿದ ಕೂಡಲೇ ಹೊರಡುತ್ತವೆ. ಈ ಎರಡನೆಯದು ನನಗೆ ಸರಿ ಬರುವುದಿಲ್ಲ. ಭಯವಾದಾಗ ಮಕ್ಕಳು ಹ್ಯಾಂಡಲ್ಲನ್ನು ಗಟ್ಟಿಯಾಗಿ ಹಿಡಿಯುತ್ತವೆ. ಬಟನ್ ಹೆಬ್ಬೆರಳಿನ ಕೆಳಗೇ ಇದ್ದರೆ ಗಟ್ಟಿಯಾಗಿ ಹಿಡಿದಷ್ಟೂ ಗಾಡಿ ಮುಂದಕ್ಕೆ ನುಗ್ಗುತ್ತದೆ.

"ನಾವೆಲ್ಲ ಗಂಟೆ ಬಾಡಿಗೆ ಸೈಕಲ್ ತಂದು, ಒಳಪೆಡಲ್ ಹೊಡೆದು, ಮಂಡಿ ತರಚಿಕೊಂಡೇ ಕಲಿತಿದ್ದು, ಹೆಲ್ಮೆಟ್ ಎಲ್ಲಿತ್ತು?" ಅನ್ನುವ ಅಂಕಲ್‌ಗಳು ನಮ್ಮ ಬ್ಲಾಕಿನಲ್ಲೂ ಇದ್ದಾರೆ. ಸರ್, ಆ ಸೈಕಲ್ಲಿಗೆ ಮೋಟಾರ್ ಇರಲಿಲ್ಲ. ಕಾಲು ಸೋತರೆ ಅದೂ ಸೋಲುತ್ತಿತ್ತು. ದೊಡ್ಡ ಚಕ್ರ, ಗಾಳಿ ತುಂಬಿದ ಟೈರು, ಸಣ್ಣ ಕಲ್ಲು ಸಿಕ್ಕರೆ ಹತ್ತಿ ಇಳಿದುಬಿಡುತ್ತಿತ್ತು. ಈ ಗಾಡಿಯ ಚಕ್ರ ಅಂಗೈಯಗಲದ್ದು, ಗಟ್ಟಿ ಪ್ಲಾಸ್ಟಿಕ್ಕಿನದು. ಅದೇ ಕಲ್ಲಿಗೆ ಚಕ್ರ ಗಕ್ಕನೆ ನಿಲ್ಲುತ್ತದೆ, ಮಗು ಮಾತ್ರ ಮುಂದಕ್ಕೆ ಹೋಗುತ್ತದೆ. ಒದ್ದೆ ಗ್ರಾನೈಟ್ ಮೇಲೆ ಅಂತೂ ಹಿಡಿತವೇ ಸಿಗುವುದಿಲ್ಲ.

ಹೆಲ್ಮೆಟ್ ವಿಷಯಕ್ಕೆ ಬಂದರೆ, ಅಪ್ಪನ ಬೈಕಿನದು ಬೇಡ. ಮಕ್ಕಳ ಸೈಕಲ್ ಹೆಲ್ಮೆಟ್ ಸಾಕು. ಹುಬ್ಬಿನಿಂದ ಎರಡು ಬೆರಳು ಮೇಲಿರಬೇಕು, ಗದ್ದದ ಪಟ್ಟಿಯೊಳಗೆ ಒಂದೆರಡು ಬೆರಳು ಮಾತ್ರ ತೂರಬೇಕು. ಹಣೆ ಪೂರ್ತಿ ಕಾಣುವ ಹಾಗೆ ಹಿಂದಕ್ಕೆ ಸರಿಸಿಕೊಂಡರೆ ಹಾಕಿಯೂ ಪ್ರಯೋಜನ ಕಡಿಮೆ. ಕಾಲಿಗೆ ಶೂ. ಹಬ್ಬದ ದಿನ ಉದ್ದ ಲಂಗ ಹಾಕಿದ್ದರೆ ಅವತ್ತು ಗಾಡಿಗೆ ರಜೆ. ತಮ್ಮನನ್ನು ಮುಂದೆ ನಿಲ್ಲಿಸಿಕೊಂಡು ರೌಂಡ್ ಹೊಡೆಸುವುದು ಫೋಟೋಗೆ ಚೆಂದ, ಬ್ರೇಕಿಗಲ್ಲ.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 16 ವರ್ಷದೊಳಗಿನವರಿಗೆ ಮೋಟಾರ್ ಸ್ಕೂಟರ್ ಬೇಡವೇ ಬೇಡ ಅನ್ನುತ್ತದೆ. ಕಾಂಪೌಂಡಿನ ಒಳಗೆ, ನಡೆಯುವವರಿಗಿಂತ ಸ್ವಲ್ಪವೇ ಜೋರಾಗಿ ಹೋಗುವ ಆಟದ ಗಾಡಿಗೆ, ಪಕ್ಕದಲ್ಲಿ ದೊಡ್ಡವರಿದ್ದರೆ, ನಾನು ಅಷ್ಟು ಬಿಗಿ ಮಾಡಲಾರೆ. ರಸ್ತೆಯ ಮಟ್ಟಿಗೆ ಮಾತ್ರ ಅವರ ಮಾತೇ ಸರಿ. "250 ವ್ಯಾಟ್, ಗಂಟೆಗೆ 25 ಕಿಲೋಮೀಟರ್ ಒಳಗಿದ್ದರೆ ಲೈಸೆನ್ಸ್ ಬೇಡ" ಅಂತ ಇಲ್ಲಿ ಕೆಲವರು ಕಾನೂನು ಹೇಳುತ್ತಾರೆ. ಆ ವಿನಾಯಿತಿ ಇರುವುದು ಕಡಿಮೆ ಶಕ್ತಿಯ ಎಲೆಕ್ಟ್ರಿಕ್ ದ್ವಿಚಕ್ರ ವಾಹನಗಳಿಗೆ. ಅದನ್ನು ಹಿಡಿದುಕೊಂಡು ಯುಕೆಜಿ ಮಗುವನ್ನು ಕ್ರಾಸ್ ರೋಡಿಗೆ ಬಿಡುವುದು ಯಾವ ನ್ಯಾಯ? ಇದೇ ಮಗು ಹೈಸ್ಕೂಲಿಗೆ ಬಂದಾಗ ಅಪ್ಪನ ಸ್ಕೂಟರ್ ಕೀ ಕೇಳುತ್ತದೆ. ಅಪ್ರಾಪ್ತರಿಗೆ ಗಾಡಿ ಕೊಟ್ಟು ಸಿಕ್ಕಿಬಿದ್ದರೆ ಪೋಷಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಅಂತ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲೇ ಇದೆ.

ನನಗೆ ನಿಜವಾಗಿ ಸಿಟ್ಟು ಬರುವುದು ಬೇಸ್‌ಮೆಂಟ್ ನೋಡಿದಾಗ. ಮಳೆ ಬಂದರೆ ಮಕ್ಕಳೆಲ್ಲ ಅಲ್ಲೇ. ಕಂಬದ ಹಿಂದಿನಿಂದ ಮಗು ಬರುತ್ತದೆ, ಎದುರಿಗೆ ಎಸ್‌ಯುವಿ. ಅಷ್ಟು ಎತ್ತರದ ಬಾನೆಟ್ ಮುಂದೆ ಮೂರಡಿ ಮಗು ಡ್ರೈವರ್ ಕಣ್ಣಿಗೆ ಬೀಳುವುದೇ ಇಲ್ಲ. ರ‍್ಯಾಂಪ್ ಇನ್ನೂ ಕೆಟ್ಟದ್ದು. ಡಬ್ಬದ ಮೇಲೆ ಬರೆದ ವೇಗದ ಮಿತಿ ಮೋಟಾರಿಗೆ, ಇಳಿಜಾರಿಗಲ್ಲ. ಇಳಿಯುವಾಗ ಗಾಡಿ ಅದನ್ನು ಆರಾಮಾಗಿ ದಾಟುತ್ತದೆ.

ನಮ್ಮ ಅಸೋಸಿಯೇಷನ್‌ಗೆ ನಾನು ಕೇಳಿರುವುದು ಇಷ್ಟೇ. ನೆಲಮಟ್ಟದ ವಿಸಿಟರ್ ಪಾರ್ಕಿಂಗ್ ಸಂಜೆ ಐದರಿಂದ ಆರರವರೆಗೆ ಮಕ್ಕಳಿಗೆ ಬಿಡಿ, ಎರಡೂ ಕಡೆ ಕೋನ್ ಇಡಿ, ಸೆಕ್ಯೂರಿಟಿಯವರಿಗೆ ಹೇಳಿ. ಅತಿಥಿಗಳ ಕಾರು ಎಲ್ಲಿ ನಿಲ್ಲಬೇಕು ಅಂತ ಗ್ರೂಪಿನಲ್ಲಿ ಆಗಲೇ ಜಗಳ ಶುರುವಾಗಿದೆ. ಆಗಲಿ. ಮುಂದಿನ ಮೀಟಿಂಗಿಗೆ ಮಕ್ಕಳಿರುವ ಮನೆಯವರೆಲ್ಲ ಬನ್ನಿ, ಮಾತಾಡೋಣ.