ಹುಳಿಹಿಟ್ಟಿನ ಗುಂಡ ಮತ್ತು ಐದು ಕಾಲಿನ ಎತ್ತು

ಹುಬ್ಬಳ್ಳಿಯ ವಿದ್ಯಾನಗರದ ಸಭಾಭವನವೊಂದರಲ್ಲಿ ಚೈತ್ರದ ಒಂದು ರವಿವಾರ ನಡೆದ 'ಮಕ್ಕಳೊಂದಿಗೆ ಬೇಕಿಂಗ್' ಎಂಬ ಕುಟುಂಬ ಕಾರ್ಯಾಗಾರದ ಬಾಗಿಲಲ್ಲಿ ನಮ್ಮಿಂದ ಮೊದಲು ಇಸಿದುಕೊಂಡದ್ದು 1,499 ರೂಪಾಯಿ, ಆಮೇಲೆ ಇಸಿದುಕೊಂಡದ್ದು ಮಕ್ಕಳನ್ನು. ಕಾದ ಓವನ್, ಗಾಜಿನ ಬೋಗುಣಿ, ಹಾರಾಡುವ ಮೈದಾ ಇವುಗಳ ನಡುವೆ ಮಕ್ಕಳಿರುವುದು ಅಪಾಯವೆಂದು ಸಂಘಟಕರು ಬಹಳ ಕಾಳಜಿಯಿಂದ ತಿಳಿಹೇಳಿ, ಆರು ವರ್ಷದ ಮಗಳನ್ನೂ ಮೂರು ವರ್ಷದ ಮಗನನ್ನೂ ಪಕ್ಕದ ಕೋಣೆಯ 'ಆಟದ ಮೂಲೆ'ಗೆ ಕಳಿಸಿಕೊಟ್ಟರು. ಅಲ್ಲಿ ಗೋಡೆಯಗಲದ ಟಿವಿಯಲ್ಲಿ ಕರಡಿಯೊಂದು ಕೇಕು ಮಾಡುತ್ತಿತ್ತು. ಇತ್ತ ಒಳಗೆ, ಮಕ್ಕಳನ್ನು ಟಿವಿ ಮೊಬೈಲುಗಳಿಂದ ಬಿಡಿಸಲು ಬೇಕಿಂಗ್ ಹೇಗೆ ನೆರವಾಗುತ್ತದೆ ಎಂಬ ವಿಷಯದ ಮೇಲೆ ನಮಗೆ ಮುಕ್ಕಾಲು ತಾಸು ಉಪನ್ಯಾಸವಾಯಿತು.

ಮುಗಿಯುವ ಹೊತ್ತಿಗೆ ಮಕ್ಕಳನ್ನು ನಾಲ್ಕು ನಿಮಿಷದ ಮಟ್ಟಿಗೆ ಒಳಗೆ ಕರೆತಂದು ಪುಟ್ಟ ಏಪ್ರನ್ ತೊಡಿಸಿದರು. ಮಗನ ಮುಖ ತೀರ ಸ್ವಚ್ಛವಾಗಿ ಕಂಡದ್ದರಿಂದ ಛಾಯಾಗ್ರಾಹಕರೇ ಒಂದು ಚಿಟಿಕೆ ಮೈದಾ ತೆಗೆದು ಅವನ ಎಡಗೆನ್ನೆಗೆ ಹಚ್ಚಿದರು, ಬಲಗೆನ್ನೆ ಬೆಳಕಿಗೆ ಬರುವುದಿಲ್ಲವೆಂದು ಹಾಗೆಯೇ ಬಿಟ್ಟರು. ಪಟ ತೆಗೆದಾದ ಮೇಲೆ ಏಪ್ರನ್ ಬಿಚ್ಚಿ, ಕೆನ್ನೆ ಒರೆಸಿ, ಮಕ್ಕಳನ್ನು ಮತ್ತೆ ಕರಡಿಯ ಬಳಿಗೆ ಮುಟ್ಟಿಸಿದರು. ನನಗೆ ಒಂದು ಪ್ರಮಾಣಪತ್ರವೂ, ಬಾಯಿಗೆ ಬಟ್ಟೆ ಕಟ್ಟಿದ ಒಂದು ಗಾಜಿನ ಭರಣಿಯೂ ಸಿಕ್ಕವು. ಭರಣಿಯಲ್ಲಿದ್ದದ್ದು ಸೋರ್‌ಡೋ ಬ್ರೆಡ್ಡಿನ ಸ್ಟಾರ್ಟರ್, ಅಂದರೆ ಹಿಟ್ಟು ನೀರು ಕಲಸಿ ಹುಳಿಯಲು ಬಿಟ್ಟ ಮುದ್ದೆ. ಅದಕ್ಕೊಂದು ಹೆಸರಿಡಬೇಕು, ದಿನವೂ ಉಣಿಸಬೇಕು, ಸಾಧ್ಯವಾದರೆ ಮಾತಾಡಿಸಬೇಕು ಎಂದು ಕೈಪಿಡಿಯಲ್ಲಿ ಬರೆದಿತ್ತು. ಮಗನಿಗೆ ಹೆಸರಿಡುವಾಗ ಎರಡು ಮನೆತನಗಳ ನಡುವೆ ಮೂರು ತಿಂಗಳು ವಾದ ನಡೆದಿತ್ತು, ಈ ಮುದ್ದೆಗೆ ಮಗಳು ಆಟೋದಲ್ಲಿ ಕುಳಿತಲ್ಲೇ 'ಗುಂಡ' ಎಂದಳು, ಅದೇ ನಿಂತಿತು.

ಮನೆಯಲ್ಲಿ ನನ್ನ ತಾಯಿ ಭರಣಿಯ ಬಟ್ಟೆ ಸರಿಸಿ ಮೂಸಿ ನೋಡಿ, "ಅಲ್ಲೋ ತಮ್ಮಾ, ದ್ವಾಸಿ ಹಿಟ್ಟಿಗೂ ಹೆಸರಿಡ್ತಾರನು?" ಎಂದು ಕೇಳಿದಳು. ಇದು ಗೋದಿಹಿಟ್ಟಿನಲ್ಲಿ ತಾನಾಗಿ ಇರುವ ಕಾಡು ಯೀಸ್ಟ್ ಮತ್ತು ಹುಳಿ ತರಿಸುವ ಬ್ಯಾಕ್ಟೀರಿಯಾಗಳ ಒಂದು ಸಂಸಾರವೆಂದೂ, ಅವು ಬಿಡುವ ಗಾಳಿಯಿಂದ ಬ್ರೆಡ್ಡು ಉಬ್ಬುವುದೆಂದೂ ನಾನು ಕೈಪಿಡಿ ನೋಡಿ ವಿವರಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡು, "ಹೌದಪಾ, ಇಡ್ಲಿಹಿಟ್ಟು ಉಬ್ಬೂದೂ ಹಂಗ" ಎಂದು ಒಳಗೆ ಹೋದಳು. ಐವತ್ತು ವರ್ಷ ಹಿಟ್ಟು ಹುಳಿಸಿದ ಆಕೆಯ ಬಳಿ ಒಂದೂ ಪ್ರಮಾಣಪತ್ರವಿಲ್ಲದ ಕಾರಣ ಆ ಮಾತಿಗೆ ನಾನು ಮಹತ್ವ ಕೊಡಲಿಲ್ಲ.

ಗುಂಡನ ಪಾಲನೆಯ ಲೆಕ್ಕವನ್ನು ಓದುಗರು ಸ್ವಲ್ಪ ತಾಳ್ಮೆಯಿಂದ ಗಮನಿಸಬೇಕು. ಐವತ್ತು ಗ್ರಾಂ ಸ್ಟಾರ್ಟರಿಗೆ ಅಷ್ಟೇ ತೂಕದ ಹಿಟ್ಟು, ಅಷ್ಟೇ ತೂಕದ ನೀರು ಬೆರೆಸಬೇಕು, ಆಗ ಅದು 150 ಗ್ರಾಂ ಆಗುತ್ತದೆ. ಮರುದಿನ ಅದರಲ್ಲಿ ಐವತ್ತು ಗ್ರಾಂ ಉಳಿಸಿಕೊಂಡು ಮಿಕ್ಕದ್ದನ್ನು ಚೆಲ್ಲಿ ಮತ್ತೆ ಉಣಿಸಬೇಕು. ಚೆಲ್ಲುವುದು ಪಾಪವೆಂದು ಇಡಿಯದಕ್ಕೂ ಉಣಿಸುತ್ತ ಹೋದರೆ ದಿನಕ್ಕೆ ಮೂರು ಪಟ್ಟಿನಂತೆ ಬೆಳೆದು ಹತ್ತನೆಯ ಉಣಿಸಿಗೆ ಗುಂಡ ಇಪ್ಪತ್ತೊಂಬತ್ತೂವರೆ ಕ್ವಿಂಟಲ್ ತೂಗುತ್ತಾನೆ, ಆಗ ಅವನನ್ನು ಲಾರಿಗೆ ಹೇರಿ ಅಮರಗೋಳದ ಎಪಿಎಂಸಿಗೆ ಒಯ್ಯದೆ ಬೇರೆ ಗತಿಯಿಲ್ಲ. ಆದ್ದರಿಂದ ಚೆಲ್ಲಲೇಬೇಕು. ಕೆಳಗೆ ಬಿದ್ದ ಕಾಳನ್ನು ಆರಿಸಿ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ದಿನವೂ ನೂರು ಗ್ರಾಂ ಹಿಟ್ಟನ್ನು ಮೋರಿಗೆ ಸುರಿಯುವ ಗಂಡಸಿಗೆ ಎಂಥ ಗೌರವ ಸಿಗಬಹುದೋ ಅದೆಲ್ಲ ನನಗೆ ಸಿಕ್ಕಿತು. ಮೂರನೆಯ ದಿನದಿಂದ ತಾಯಿ ಆ ನೂರು ಗ್ರಾಮನ್ನು ಕೇಳದೆಯೇ ಎತ್ತಿಕೊಂಡು, ಉಳ್ಳಾಗಡ್ಡಿ ಕೊತ್ತಂಬರಿ ಹೆಚ್ಚಿ ಹಾಕಿ ಹಂಚಿನ ಮೇಲೆ ದೋಸೆ ಎರೆಯತೊಡಗಿದಳು. ಮಕ್ಕಳು ಅದನ್ನು ತಕರಾರಿಲ್ಲದೆ ತಿಂದವು. ಗುಂಡನಿಂದ ನಮ್ಮ ಮನೆಯಲ್ಲಿ ಹೊಟ್ಟೆಗೆ ಬಿದ್ದದ್ದೇನಾದರೂ ಇದ್ದರೆ ಅದು ಈ ಚೆಲ್ಲುವ ಭಾಗ ಮಾತ್ರ.

ಹವ್ಯಾಸದಿಂದ ಮಕ್ಕಳೊಡನೆ ಕಳೆಯುವ ಹೊತ್ತು ಹೆಚ್ಚುತ್ತದೆ ಎಂದು ಕೈಪಿಡಿ ಹೇಳುತ್ತದೆ. ಅದು ಸುಳ್ಳಲ್ಲ. ಬೆಳಗಿನ ಏಳಕ್ಕೆ ಮಗ ಹಸಿವೆಂದು ನನ್ನ ಮೊಣಕಾಲು ತಬ್ಬಿ ಅಳುತ್ತಿರುವಾಗಲೆಲ್ಲ ನಾನು ಅಲ್ಲಿಯೇ ನಿಂತು ಡಿಜಿಟಲ್ ತಕ್ಕಡಿಯಲ್ಲಿ ಗುಂಡನ ನಾಷ್ಟಾ ತೂಗುತ್ತಿದ್ದೆ. ಹಿಟ್ಟು ಇಡಲು ಬೆತ್ತದ ಬುಟ್ಟಿ ಬೇಕೆಂದು 850 ರೂಪಾಯಿ ಕೊಟ್ಟು ತರಿಸಿದೆ. ಅದು ಮನೆಗೆ ಬಂದ ದಿನ ತಾಯಿ ನಾಗಂದಿಗೆಯ ಮೇಲಿಂದ ಮೇದಾರ ಓಣಿಯ ರೊಟ್ಟಿಬುಟ್ಟಿ ಇಳಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟು, ಏನೂ ಅನ್ನದೆ ಸೆರಗಿನಿಂದ ಧೂಳು ಒರೆಸಿದಳು.

ಏಪ್ರಿಲ್ ಕೊನೆಯ ವಾರ ಹುಬ್ಬಳ್ಳಿಯ ಬಿಸಿಲು 38 ಡಿಗ್ರಿಯ ಆಸುಪಾಸಿಗೆ ಬಂದಾಗ ಗುಂಡನಿಗೆ ಹುಮ್ಮಸ್ಸು ಹೆಚ್ಚಿತು. ಚಳಿದೇಶದವರು ಬರೆದ ಕೈಪಿಡಿಯ ಪ್ರಕಾರ ಹನ್ನೆರಡು ತಾಸಿಗೆ ಉಬ್ಬಬೇಕಾದವನು ಮೂರೇ ತಾಸಿಗೆ ಬಟ್ಟೆಯನ್ನು ತಳ್ಳಿಕೊಂಡು, ಫ್ರಿಜ್ಜಿನ ತಲೆಯಿಂದ ಇಳಿದು, ಅದರ ಬಾಗಿಲಿಗೆ ಅಂಟಿಸಿದ್ದ ಮಗಳ ಶಾಲೆಯ ವೇಳಾಪಟ್ಟಿಯಲ್ಲಿ ಮಂಗಳವಾರದವರೆಗೂ ಹರಿದಿದ್ದ. ಅಂಥ ಉತ್ಸಾಹಿಯಿಂದ ಮಾಡಿದ ಬ್ರೆಡ್ಡು ಮಾತ್ರ ಉಬ್ಬಲಿಲ್ಲ. ಹಿಂದಿನ ರಾತ್ರಿ ಕಲಸಿ, ನಾಲ್ಕು ಸಲ ಮಡಚಿ, ಬೆಳಗ್ಗೆ ಓವನಿನೊಳಗೆ 230 ಡಿಗ್ರಿಯಲ್ಲಿ ಇಟ್ಟು ಇಪ್ಪತ್ತು ನಿಮಿಷವಾಗಿರಬೇಕು, ಕರೆಂಟು ಹೋಯಿತು. ಏಕೆ ಹೋಯಿತೆಂದು ವಿಚಾರಿಸುವ ಪದ್ಧತಿ ನಮ್ಮ ಬಡಾವಣೆಯಲ್ಲಿಲ್ಲ. ಅದು ತಿರುಗಿ ಬರುವ ಹೊತ್ತಿಗೆ ಬ್ರೆಡ್ಡು ತನ್ನ ತೀರ್ಮಾನ ತೆಗೆದುಕೊಂಡಾಗಿತ್ತು. ತಟ್ಟಿದರೆ ಹಲಗೆಯ ಸದ್ದು ಬರುತ್ತಿತ್ತು, ಒಳಗೆ ಹಸಿ ಉಳಿದಿತ್ತು. ಮಗಳು ಒಂದು ಚೂರು ಬಾಯಿಗಿಟ್ಟು, ಬಹಳ ಹೊತ್ತು ಅಗಿದು, ಮರ್ಯಾದೆಯಿಂದ ಕಿಟಕಿಯ ಕಡೆ ನಡೆದಳು. ಮಗ ಲೈನ್ ಬಜಾರಿನ ಪೇಢೆ ಬೇಕೆಂದು ಹಟ ಹಿಡಿದ. ಇಪ್ಪತ್ತು ಕಿಲೋಮೀಟರ್ ಆಚೆಯ ಧಾರವಾಡದ ಪೇಢೆ ಅವನಿಗೆ ಆ ಕ್ಷಣ ಅಡುಗೆಮನೆಯ ಬ್ರೆಡ್ಡಿಗಿಂತ ಹತ್ತಿರವಾಗಿ ಕಂಡಿರಬೇಕು.

ಆದರೂ ಬ್ರೆಡ್ಡಿನ ಒಂದು ಮೂಲೆ ಕಂದುಬಣ್ಣಕ್ಕೆ ತಿರುಗಿ ಚೆನ್ನಾಗಿತ್ತು. ಕಿಟಕಿಯ ಬೆಳಕಿಗೆ ಆ ಮೂಲೆಯನ್ನು ಹಿಡಿದು, ಪಕ್ಕದಲ್ಲಿ ಮಗನ ಕೈ ಮಾತ್ರ ಬರುವಂತೆ ಇಟ್ಟು (ಬಾಯಿ ಅಳುತ್ತಿತ್ತು), ಪಟ ತೆಗೆದು ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಅರ್ಧ ತಾಸಿನಲ್ಲಿ ಅರವತ್ತಮೂರು ಚಪ್ಪಾಳೆ ಬಂದವು. ಎರಡನೆಯ ಮಹಡಿಯವರು 'ಅಪ್ಪ ಅಂದರೆ ಹೀಗಿರಬೇಕು' ಎಂದು ಬರೆದರು. ನಾಲ್ಕನೆಯ ಮಹಡಿಯ ಹಿರಿಯರು ತಮ್ಮ ಅಳಿಯನನ್ನು ಗುಂಪಿನಲ್ಲೇ ಹೆಸರಿಟ್ಟು ಕರೆದು, ನೋಡಿ ಕಲಿಯುವಂತೆ ಸೂಚಿಸಿದರು.

ಅದೇ ಬೆಳಗ್ಗೆ ನನ್ನ ಹೆಂಡತಿ ಇಪ್ಪತ್ತೆರಡು ಜೋಳದ ರೊಟ್ಟಿ ಬಡಿದಿದ್ದಳು. ಇದನ್ನು ಹೇಳುವಾಗ ತಾಂತ್ರಿಕ ವಿಚಾರವೊಂದನ್ನು ಸೇರಿಸಬೇಕಾಗಿದೆ. ಗೋದಿಯಲ್ಲಿ ಗ್ಲುಟೆನ್ ಎಂಬ ಜಿಗುಟು ಇರುವುದರಿಂದ ಅದರ ಹಿಟ್ಟು ನನ್ನಂಥವನ ಕೈಯಲ್ಲಿಯೂ ಒಂದಕ್ಕೊಂದು ಅಂಟಿಕೊಂಡಿರುತ್ತದೆ, ಜೋಳದಲ್ಲಿ ಅದು ಇಲ್ಲ. ಕುದಿಯುವ ಎಸರನ್ನು ಹಿಟ್ಟಿಗೆ ಸುರಿದು, ಅದರ ಗಂಜಿಯಂಶ ಬೆಂದು ಅಂಟು ಬರುವಂತೆ ಮಾಡಿ, ಕೈ ಸುಡುವ ಬಿಸಿಯಲ್ಲಿಯೇ ನಾದಿ, ಅಂಚು ಹರಿಯದಂತೆ ತಿರುಗಿಸುತ್ತ ಬಡಿದು, ಎರಡೂ ಅಂಗೈ ಮೇಲೆ ಎತ್ತಿ ಹಂಚಿಗೆ ಹಾಕಿ, ಮೇಲೆ ಒದ್ದೆ ಅರಿವೆ ಆಡಿಸಬೇಕು. ತಕ್ಕಡಿ ಇಲ್ಲ, ಗಡಿಯಾರ ಇಲ್ಲ, ಕರೆಂಟಿನ ಹಂಗಂತೂ ಇಲ್ಲ. ಇದೆಲ್ಲ ನಡೆಯುವಾಗ ಮಗ ಆಕೆಯ ತೊಡೆಗೆ ಒರಗಿಕೊಂಡು, ಅವಳು ಕೊಟ್ಟ ನಿಂಬೆಹಣ್ಣಿನಷ್ಟು ಹಿಟ್ಟನ್ನು ತಟ್ಟಿ ತಟ್ಟಿ, ಸ್ವಲ್ಪ ತಿಂದು, ಸ್ವಲ್ಪ ಕಿವಿಗೆ ಹಚ್ಚಿಕೊಂಡು, ಉಳಿದದ್ದರಲ್ಲಿ ಒಂದು ರೊಟ್ಟಿ ಮಾಡಿಸಿಕೊಂಡಿದ್ದ. ಇದು ಹವ್ಯಾಸವಲ್ಲದ ಕಾರಣ ಯಾರೂ ಪಟ ತೆಗೆಯಲಿಲ್ಲ. ಅರವತ್ತಮೂರು ಚಪ್ಪಾಳೆಗಳನ್ನು ನಾನು ಆಕೆಗೆ ತೋರಿಸಿದಾಗ, "ಛಲೋ ಆತು. ಓವನ್ ತಿಕ್ಕೂದು ಯಾರು?" ಎಂದಳು.

ಬೇಕಿಂಗಿನಿಂದ ಮನಸ್ಸು ಸ್ವಲ್ಪ ಕುಗ್ಗಿದಾಗ ಕರಕುಶಲಕ್ಕೆ ಕೈಹಾಕಬೇಕೆಂಬುದು ಹವ್ಯಾಸಿಗಳ ನಿಯಮ. 'ಎರಡು ತಾಸಿನಲ್ಲಿ ಧಾರವಾಡ ಕಸೂತಿ' ಎಂಬ ಪೆಟ್ಟಿಗೆ ತರಿಸಿಕೊಂಡೆ. ಬಟ್ಟೆಯ ಮೇಲೆ ಗೋಪುರವೂ ನವಿಲೂ ನೀಲಿ ಗೆರೆಯಲ್ಲಿ ಮೊದಲೇ ಅಚ್ಚಾಗಿದ್ದವು. ಸೂಜಿ ಮಗನ ಕೈಗೆ ಸಿಗದಂತೆ ರಾತ್ರಿ ಹನ್ನೊಂದರ ಮೇಲೆ, ಸ್ನಾನದ ಮನೆಯ ದೀಪದಲ್ಲಿ ಕುಳಿತು ಎಂಟು ರಾತ್ರಿ ಹೊಲಿದು ಮುಗಿಸಿದೆ. ಕಸೂತಿಗೆ ಗೆರೆ ಎಳೆಯುವುದಿಲ್ಲ, ಬಟ್ಟೆಯ ಎಳೆ ಎಣಿಸಿಕೊಂಡು ಹೋಗುತ್ತಾರೆ, ಗಂಟು ಹಾಕುವುದಿಲ್ಲ, ಗವಂತಿ ಮತ್ತು ಮುರ್ಗಿ ಹೊಲಿಗೆಗಳಲ್ಲಿ ಮುಂದೆ ಕಂಡದ್ದೇ ಹಿಂದೆಯೂ ಕಾಣಬೇಕು ಎಂಬುದು ನನಗೆ ಆಮೇಲೆ ತಿಳಿಯಿತು. ತಾಯಿ ಬಟ್ಟೆಯನ್ನು ಕೈಗೆ ತೆಗೆದುಕೊಂಡವಳು ನವಿಲನ್ನು ನೋಡಲೇ ಇಲ್ಲ. ನೇರವಾಗಿ ಮಗುಚಿ, ಹಿಂಬದಿಯ ಗಂಟುಗಳ ಮೇಲೆ ಒಮ್ಮೆ ಬೆರಳಾಡಿಸಿ, ಮಡಚಿ, ನನ್ನ ತೊಡೆಯ ಮೇಲಿಟ್ಟಳು. ಗುಂಪಿನಲ್ಲಿ ನಾನು ಮುಂಬದಿಯನ್ನು ಮಾತ್ರ ಹಾಕಿದ್ದರಿಂದ ಅಲ್ಲಿ ಐವತ್ತೆಂಟು ಬಂದವು.

ಜೂನಿನಲ್ಲಿ ಶಾಲೆ ತೆರೆಯಿತು, ಮಣ್ಣೆತ್ತಿನ ಅಮಾವಾಸ್ಯೆಯೂ ಬಂತು. ಉಣಕಲ್ಲಿನ ಆಚೆ ಈಚೆ ಎಲ್ಲಿ ಕೆದರಿದರೂ ಜಿಗುಟು ಮಣ್ಣು ಸಿಗುವ ಊರಿನಲ್ಲಿ, ಮಣ್ಣೆತ್ತು ಮಾಡುವ ಸ್ಪರ್ಧೆಗೆಂದು ಶಾಲೆಯಿಂದ ಬಂದ ಸುತ್ತೋಲೆ 'ವಿಷರಹಿತ, ಕೈಗೆ ಅಂಟದ, ಪರಿಸರಸ್ನೇಹಿ ಮಾಡೆಲಿಂಗ್ ಕ್ಲೇ' 500 ಗ್ರಾಂ ತರಬೇಕೆಂದು ಆದೇಶಿಸಿತ್ತು. ಸಮವಸ್ತ್ರಕ್ಕೆ ಕಲೆಯಾಗಬಾರದು, ಎತ್ತನ್ನು ಮನೆಯಲ್ಲಿಯೇ ಮಾಡಿ ತರಬೇಕು, ಪೋಷಕರು ಕಡ್ಡಾಯವಾಗಿ ಪಾಲ್ಗೊಳ್ಳಬೇಕು, ಆದರೆ ಎತ್ತು ಮಗುವೇ ಮಾಡಿದಂತೆ ಕಾಣಬೇಕು. ಈ ಕೊನೆಯ ಷರತ್ತು ಕಲೆಯ ದೃಷ್ಟಿಯಿಂದ ಬಹಳ ಕಠಿಣ. ಚೆನ್ನಾಗಿ ಮಾಡಬಲ್ಲ ಪೋಷಕರು ಕೆಡಿಸುವುದನ್ನು ಕಲಿಯಬೇಕು, ನನ್ನಂಥವರಿಗೆ ಮಾತ್ರ ಅದು ಸಹಜವಾಗಿ ಒಲಿದಿರುತ್ತದೆ. ನಮ್ಮ ಮಹಡಿಯ ಇಬ್ಬರು ತಂದೆಯರು ಎತ್ತಿನ ಡುಬ್ಬದ ಪ್ರಮಾಣದ ಬಗ್ಗೆ ರಾತ್ರಿ ಒಂದರವರೆಗೆ ವಿಡಿಯೋ ನೋಡಿದ್ದಾಗಿ ಲಿಫ್ಟಿನಲ್ಲಿ ಒಪ್ಪಿಕೊಂಡರು. ಮಕ್ಕಳು ಆಗ ಮಲಗಿದ್ದವು.

ನಮ್ಮ ಮನೆಯಲ್ಲಿ ಮಗಳು ಕ್ಲೇ ಪೊಟ್ಟಣವನ್ನು ತಮ್ಮನಿಗೆ ಕೊಟ್ಟು, ಅಜ್ಜಿಯ ಜೊತೆ ಹೋಗಿ ಕಟ್ಟಡದ ಹಿಂದಿನಿಂದ ಮಣ್ಣು ತಂದು, ಒಂದು ಮಧ್ಯಾಹ್ನವೆಲ್ಲ ಕುಳಿತು ತಾನೇ ಎತ್ತು ಮಾಡಿದಳು. ಕೋಡಿಗೆ ಕಡ್ಡಿ, ಕಣ್ಣಿಗೆ ಗುಲಗಂಜಿ ಬೇಕೆಂದು ಹುಡುಕಿ ಸಿಗದೆ ಬ್ಯಾಡಗಿ ಮೆಣಸಿನಕಾಯಿಯ ಬೀಜ. ಎತ್ತಿಗೆ ಐದು ಕಾಲಿದ್ದವು. ತೀರ್ಪುಗಾರರು ಕೇಳಿಯಾರೆಂದು ನಾನು ಅಂಜಿ, ಒಂದನ್ನು ಕಿತ್ತುಬಿಡೋಣವೆಂದೆ. "ಐದನೇದು ಕಾಲಲ್ಲಪಾ, ಅದು ಉಚ್ಚಿ ಹೊಯ್ಯಾಕತ್ತೈತಿ" ಎಂದಳು. ಬಗ್ಗಿ ನೋಡಿದೆ. ಕೆಳಗೆ ನೆಲಕ್ಕೆ ತಾಗಿದಲ್ಲಿ ಒಂದು ಸಣ್ಣ ಮಣ್ಣಿನ ಮಡುವನ್ನೂ ಮಾಡಿದ್ದಳು.

ಮೊದಲ ಬಹುಮಾನ ಪಡೆದ ಎತ್ತನ್ನು ನಾನು ಹಿಂದಿನ ಸಂಜೆ ದುರ್ಗದಬೈಲಿನಲ್ಲಿ ಜೋಡಿಗೆ ನಲವತ್ತು ರೂಪಾಯಿಯಂತೆ ಮಾರುತ್ತಿದ್ದುದನ್ನು ಕಂಡಿದ್ದೆ. ಅದರ ಜೊತೆಗಾರ ಎತ್ತಿಗೆ ಎರಡನೆಯ ಬಹುಮಾನ ಬಂತು. ನಮ್ಮ ಎತ್ತನ್ನು ಮೇಜಿನ ಮೇಲೆ ಇಡಲಿಲ್ಲ, ಅಂಟುವ ಮಣ್ಣಾದ್ದರಿಂದ ಕೆಳಗೆ ಹಳೆಯ ಪತ್ರಿಕೆಯ ಮೇಲೆ ಇಟ್ಟಿದ್ದರು.

ಗುಂಡ ಆಷಾಢದಲ್ಲಿ ತೀರಿಕೊಂಡ. ತೀರಿಕೊಂಡ ಅಂದರೆ, ನಾನು ಎರಡು ದಿನ ಬೆಳಗಾವಿಗೆ ಹೋದಾಗ ತಾಯಿ ಅವನನ್ನು ಪೂರ್ತಿಯಾಗಿ ದೋಸೆ ಮಾಡಿದ್ದಳು. ಸಂತಾಪ ಸೂಚಿಸುವ ಸಂದೇಶಗಳು ಗುಂಪಿನಲ್ಲಿ ಇನ್ನೂ ಬರುತ್ತಿರುವಾಗಲೇ ಅದೇ ಸಂಘಟಕರ ಹೊಸ ಪ್ರಕಟಣೆ ಬಂತು. 'ಮಕ್ಕಳೊಂದಿಗೆ ಜೋಳದ ರೊಟ್ಟಿ: ಗ್ಲುಟೆನ್ ಇಲ್ಲದ ಪಾರಂಪರಿಕ ಬೇಕಿಂಗ್', ಕುಟುಂಬಕ್ಕೆ 1,999 ರೂಪಾಯಿ, ಮಕ್ಕಳಿಗೆ ಪ್ರತ್ಯೇಕ ಆಟದ ಮೂಲೆ. ಮರುದಿನ ಅವರೇ ಫೋನು ಮಾಡಿ, ರೊಟ್ಟಿ ಬಡಿದು ತೋರಿಸಲು ಸಂಪನ್ಮೂಲ ವ್ಯಕ್ತಿಯಾಗಿ ನನ್ನ ಹೆಂಡತಿಯನ್ನು ಕಳಿಸಲಾದೀತೇ, ಗೌರವಧನವಿಲ್ಲ, ಪ್ರಮಾಣಪತ್ರ ಕೊಡುತ್ತೇವೆ ಎಂದು ವಿನಂತಿಸಿದರು. ಆಕೆ ಒಲೆಯ ಮುಂದಿನಿಂದಲೇ, "ಕೂಸು ತೊಡಿಗೆ ಒರಗಿರಲಿಲ್ಲಂದ್ರ ನನಗ ಬಡಿಯಾಕ ಬರಂಗಿಲ್ಲಂತ ಹೇಳ್ರಿ" ಎಂದಳು. ಸಂಘಟಕರು ಸ್ವಲ್ಪ ಯೋಚಿಸಿ, ಪಟ ತೆಗೆಯುವ ನಾಲ್ಕು ನಿಮಿಷ ಒರಗಿಸಬಹುದು ಎಂದರು. ಬುಧವಾರದೊಳಗೆ ಹಣ ಕಟ್ಟಿದವರಿಗೆ ಇನ್ನೂರು ರೂಪಾಯಿ ರಿಯಾಯಿತಿ ಇದ್ದುದರಿಂದ ನಾನು ಮಂಗಳವಾರವೇ ಕಟ್ಟಿದೆ.