ಬ್ರಾಯ್ಲರ್ ಕೋಳಿ ತಿಂದರೆ ಹೆಣ್ಣುಮಕ್ಕಳು ಬೇಗ ಮೈನೆರೆಯುತ್ತಾರೆಯೇ?

‘ಬ್ರಾಯ್ಲರ್ ಕೋಳಿಗೆ ಹಾರ್ಮೋನ್ ಚುಚ್ಚುತ್ತಾರೆ, ಅದನ್ನು ತಿಂದೇ ಹುಡುಗಿಯರು ಬೇಗ ದೊಡ್ಡವರಾಗುತ್ತಿದ್ದಾರೆ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಮತ್ತೆ ಓಡಾಡುತ್ತಿದೆ. ಇದಕ್ಕೆ ಆಧಾರವಿಲ್ಲ.

ಕೋಳಿ ಆರು ವಾರಕ್ಕೆ ಎರಡು ಕಿಲೋ ದಾಟುವುದು ತಳಿಯ ಆಯ್ಕೆ ಮತ್ತು ಆಹಾರದಿಂದ. ಸಾವಿರಾರು ಕೋಳಿಗಳಿಗೆ ಒಂದೊಂದಾಗಿ ಸೂಜಿ ಚುಚ್ಚುವ ಪುರುಸೊತ್ತು ಯಾವ ಫಾರಂನವರಿಗಿದೆ? ಬೆಳವಣಿಗೆಯ ಹಾರ್ಮೋನ್ ಒಂದು ಪ್ರೋಟೀನ್. ತಿಂದರೆ ಹೊಟ್ಟೆಯಲ್ಲೇ ಜೀರ್ಣವಾಗುತ್ತದೆ.

ಮೈನೆರೆಯುವ ಪ್ರಕ್ರಿಯೆ ಶುರುವಾಗುವುದು ಮಿದುಳಿನಲ್ಲಿ. ಮಿದುಳಿನ ತಳದ ಹೈಪೊಥಲಾಮಸ್ ಎಂಬ ಭಾಗದಲ್ಲಿ, ಕಿಸ್‌ಪೆಪ್ಟಿನ್ ಎಂಬ ಸಂಕೇತ ರಾಸಾಯನಿಕವನ್ನು ಬಿಡುವ ನರಕೋಶಗಳು ಪ್ರಚೋದಿಸಿದಾಗ ಬೇರೊಂದು ಗುಂಪಿನ ನರಕೋಶಗಳು ಜಿಎನ್‌ಆರ್‌ಎಚ್ ಹಾರ್ಮೋನನ್ನು ಬಿಟ್ಟುಬಿಟ್ಟು ಸ್ರವಿಸುತ್ತವೆ. ಅದರಿಂದ ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಹಾರ್ಮೋನುಗಳನ್ನು ಕಳಿಸುತ್ತದೆ, ಅವುಗಳಿಂದ ಅಂಡಾಶಯ ಹೆಣ್ಣುತನದ ಹಾರ್ಮೋನ್ ಆದ ಈಸ್ಟ್ರೊಜನ್ ತಯಾರಿಸುತ್ತದೆ. ಕಿಸ್‌ಪೆಪ್ಟಿನ್‌ನ ಸಂಕೇತವನ್ನು ಹಿಡಿಯುವ ಗ್ರಾಹಕದಲ್ಲಿ ದೋಷವಿದ್ದವರು ತಾನಾಗಿ ಪ್ರೌಢರಾಗುವುದಿಲ್ಲ ಎಂಬುದು 2003ರಲ್ಲಿ ಗೊತ್ತಾಯಿತು. ‘ಬಿಟ್ಟುಬಿಟ್ಟು’ ಎನ್ನುವುದೇ ಇಲ್ಲಿ ಮುಖ್ಯ: ಜಿಎನ್‌ಆರ್‌ಎಚ್‌ನಂತೆಯೇ ವರ್ತಿಸುವ ಔಷಧವನ್ನು ಸತತವಾಗಿ ಕೊಟ್ಟರೆ ಪಿಟ್ಯುಟರಿ ಸುಮ್ಮನಾಗುತ್ತದೆ. ಅಕಾಲಿಕ ಪ್ರೌಢತೆಗೆ ಇಂದು ಕೊಡುವ ಚುಚ್ಚುಮದ್ದು ಕೆಲಸ ಮಾಡುವುದು ಹೀಗೆಯೇ.

ಆದರೆ ಬೇಗ ಮೈನೆರೆಯುವುದಕ್ಕೂ ಮೈಕೊಬ್ಬಿಗೂ ನಿಜವಾದ ನಂಟಿದೆ. ಕೊಬ್ಬಿನ ಕೋಶಗಳ ಲೆಪ್ಟಿನ್ ಹಾರ್ಮೋನ್ ದೇಹದ ಶಕ್ತಿಸಂಗ್ರಹದ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತದೆ. ಎಂಟು ತುಂಬುವ ಮೊದಲೇ ಹುಡುಗಿಯಲ್ಲಿ ಸ್ತನದ ಬೆಳವಣಿಗೆ ಕಂಡರೆ ಮಕ್ಕಳ ವೈದ್ಯರಿಗೆ ತೋರಿಸಿ.